ಅಂಗೈ ಮೂಸುವ ನೀಲಕ್ಕ

ನೀಲಕ್ಕ ಯಾರ ಮನೆಗೆ ಬಂದರೂ ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಎರಡೂ ಅಂಗೈ ಜೋಡಿಸಿ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸುತ್ತಿದ್ದಳು. ಗೊತ್ತಿಲ್ಲದವರು ದೇವರಿಗೆ ಕೈ ಮುಗಿಯುತ್ತಿದ್ದಾಳೆ ಎಂದುಕೊಂಡು ತಾವೂ ಕೈ ಮುಗಿದದ್ದುಂಟು. ವಾಸನೆ ಇದ್ದರೆ ಅಲ್ಲೇ ಹಿಂದೆ ಸರಿದು, ಅಂಗಳಕ್ಕೆ ಹೋಗಿ, ಕೈ ಬೀಸಿ ಬೀಸಿ ಆರಿಸಿಕೊಂಡು ಬಂದು ಮತ್ತೆ ಮೂಸುವಳು. ಆಮೇಲೆಯೇ ಒಲೆಯ ಹತ್ತಿರ ಹೆಜ್ಜೆ. ಅಷ್ಟರಲ್ಲಿ ಅವಳಿಗೆಂದು ಬಸಿದಿಟ್ಟ ಚಹಾ ಆರಿರುತ್ತಿತ್ತು. ಅವಳು ಒಮ್ಮೆಯೂ ಬಿಸಿ ಚಹಾ ಕುಡಿದದ್ದನ್ನು ನಾನು ಕಂಡಿಲ್ಲ.

ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವಳದು ಕೊನೆಯ ಮನೆ. ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಬಹಳ ವರ್ಷ ನರ್ಸಾಗಿದ್ದವಳು. ಡಾಕ್ಟರರು ತೀರಿಕೊಂಡು ದವಾಖಾನೆ ಮುಚ್ಚಿದ ಮೇಲೆ ಅವಳ ಮನೆಯ ಕಟ್ಟೆಯೇ ಅರ್ಧ ದವಾಖಾನೆಯಾಯಿತು. ಕಾಲಿಗೆ ಜಾಲಿಮುಳ್ಳು ಮುರಿದವರು, ಕುರು ಎದ್ದವರು, ಕುಡುಗೋಲು ತಾಗಿಸಿಕೊಂಡವರು ಮೊದಲು ಅಲ್ಲಿಗೇ ಬರುತ್ತಿದ್ದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಹತ್ತಿ, ಕತ್ತರಿ, ಚಿಮಟ. ಪಕ್ಕದಲ್ಲಿ ಸ್ಪಿರಿಟ್ ಬಾಟಲಿ. ಬಾಟಲಿಯ ಚೀಟಿಯ ಮೇಲೆ ಒಮ್ಮೆ ಸರ್ಜಿಕಲ್ ಸ್ಪಿರಿಟ್ ಎಂದಿರುತ್ತಿತ್ತು, ಒಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್ ಎಂದಿರುತ್ತಿತ್ತು. ಎರಡೂ ಬೇರೆ ಬೇರೆ ವಸ್ತು. ನೀಲಕ್ಕನ ಬಾಯಲ್ಲಿ ಮಾತ್ರ ಎಲ್ಲವೂ ಸ್ಪಿರಿಟ್ಟೇ.

ಆ ಬಾಟಲಿ ಮಾಡದ ಕೆಲಸವಿರಲಿಲ್ಲ. ಕಿವಿ ಚುಚ್ಚುವ ಮೊದಲು ಅದೇ, ಚುಚ್ಚಿದ ಮೇಲೂ ಅದೇ. ನನ್ನ ಶಾಲೆಯ ಬಿಳಿ ಅಂಗಿಯ ಮೇಲೆ ಪೆನ್ನಿನ ಶಾಯಿ ಹರಡಿದರೆ ಅವ್ವ ಅಂಗಿಯನ್ನೂ ನನ್ನನ್ನೂ ಅಲ್ಲಿಗೆ ಕಳಿಸುತ್ತಿದ್ದಳು. ಹತ್ತಿಯಲ್ಲಿ ಒತ್ತಿ ಒತ್ತಿ ನೀಲಕ್ಕ ಕಲೆ ಎತ್ತುತ್ತಿದ್ದಳು. ಹೊಸ ಸ್ಟೀಲ್ ಪಾತ್ರೆಗೆ ಅಂಟಿದ ಚೀಟಿಯ ಗೋಂದು, ಕನ್ನಡಕದ ಜಿಡ್ಡು, ಟಿವಿ ರಿಮೋಟಿನ ಕೊಳೆ, ಎಲ್ಲಕ್ಕೂ ಅದೇ ಮದ್ದು. ಬರೀ ಸ್ಪಿರಿಟ್ಟಿಗಿಂತ ನೀರು ಬೆರೆತದ್ದೇ ಗಾಯಕ್ಕೆ ಒಳ್ಳೆಯದು ಎನ್ನುತ್ತಿದ್ದಳು. "ಬರೀದು ಹಚ್ಚಿದ್ರ ಹುಳಾ ಸಾಯೂದ್ರಾಗ ಹಾರಿ ಹೋಗ್ತೈತಿ. ನೀರು ಇದ್ರ ಸ್ವಲ್ಪ ಹೊತ್ತು ಕುಂತು ಕೆಲಸ ಮಾಡ್ತೈತಿ" ಎಂದು ಅವಳ ವಿವರಣೆ. ಸ್ಪಿರಿಟ್ಟಿಗೂ ಕೂತು ಕೆಲಸ ಮಾಡಲು ಒಬ್ಬರು ಜೊತೆ ಬೇಕು ನೋಡು ಎಂದು ನಾನು ಅವಳನ್ನು ಕಾಡಿಸುತ್ತಿದ್ದೆ. ಗಂಡ ತೀರಿದ ಮೇಲೆ ಒಂಟಿಯಾಗಿದ್ದ ಅವಳು ಅದಕ್ಕೆ ನಗುತ್ತಿದ್ದಳು.

ಆದರೆ ಬೆಂಕಿಯ ವಿಷಯ ಬಂದರೆ ನಗುವಿರಲಿಲ್ಲ. ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಅವಳ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. ದವಾಖಾನೆಗೆ ಸೇರಿದ ಹೊಸದರಲ್ಲಿ, ಸ್ಟೋವಿನ ಮೇಲೆ ಸೂಜಿ ಕುದಿಯಲು ಇಟ್ಟು, ದೂರದ ಮೇಜಿನ ಮೇಲೆ ಸ್ಪಿರಿಟ್ ಸುರಿಯುತ್ತಿದ್ದಳಂತೆ. ಸ್ಟೋವು ಅಷ್ಟು ದೂರವಿದೆಯಲ್ಲ ಎಂಬ ಧೈರ್ಯ. ಉರಿ ಅಲ್ಲಿಂದಲೇ ಓಡಿ ಬಂದು ಕೈ ಹಿಡಿದಿತ್ತು. "ಹೊಗಿ ಆದ್ರ ಮ್ಯಾಲ ಹೋಗ್ತೈತಿ. ಇದರ ಗಾಳಿ ಹಂಗಲ್ಲ ಗಿರಿಜಿ, ನೆಲಾ ಹಿಡಕೊಂಡು ಹೋಗ್ತೈತಿ. ಒಲಿ ಎಲ್ಲೈತಿ ಅಂತ ಹುಡಿಕ್ಯಾಡತೈತಿ" ಎನ್ನುತ್ತಿದ್ದಳು. ಆ ಮಾತು ಕೇಳಿದ ಮೇಲೆ ನಾನು ಬಹಳ ದಿನ ನೆಲದ ಮೇಲೆ ಮಲಗಲು ಹೆದರಿದ್ದೆ.

ಒಂದು ಸಲ ಓಣಿಯ ಹೆಂಗಸರನ್ನೆಲ್ಲ ಮಟಮಟ ಮಧ್ಯಾಹ್ನ ಅಂಗಳಕ್ಕೆ ಕರೆದಳು. ಯಾರೋ ಸ್ಪಿರಿಟ್ ಬಾಟಲಿಯನ್ನು ದೇವರ ಗೂಡಿನಲ್ಲಿ ದೀಪದೆಣ್ಣೆಯ ಪಕ್ಕ ಇಟ್ಟದ್ದನ್ನು ಅವಳು ನೋಡಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದಿಷ್ಟು ಸ್ಪಿರಿಟ್ ಚೆಲ್ಲಿ, ಬಾಟಲಿಯನ್ನು ದೂರ ಕಳಿಸಿ, ಉದ್ದನೆಯ ಕಡ್ಡಿಯ ತುದಿಗೆ ಬೆಂಕಿ ಹಚ್ಚಿ ಮುಟ್ಟಿಸಿದಳು. ಬಿಸಿಲು ಸುಡುತ್ತಿತ್ತು. ಕಲ್ಲು ಇದ್ದಂತೆಯೇ ಇತ್ತು.

"ಹತ್ತಲಿಲ್ಲ ಬಿಡು ನೀಲವ್ವ" ಎಂದಳು ಒಬ್ಬಳು.

ನೀಲಕ್ಕ ರವದಿಯೊಂದನ್ನು, ಜೋಳದ ಒಣಗಿದ ಎಲೆಯನ್ನು, ತೆಗೆದು ಕಲ್ಲಿನ ಮೇಲೆ ಹಾಕಿದಳು. ಏನೂ ಇಲ್ಲದ ಆ ಬರಿಗಾಳಿಯಲ್ಲಿ ರವದಿ ಮುರುಟಿಕೊಂಡು, ಕಪ್ಪಾಗಿ, ಬೂದಿಯಾಯಿತು. ನನ್ನ ಪಕ್ಕದಲ್ಲಿ ನಿಂತಿದ್ದವಳು ತನ್ನ ಸೀರೆಯ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೋಡಾಕ ನೀರಿದ್ದಂಗ ಐತಿ, ನೀರಲ್ಲ. ಉರಿ ಕಾಣಾಂಗಿಲ್ಲ, ಉರಿ ಇಲ್ಲಂತಲ್ಲ" ಎಂದು ಹೇಳಿ, ಒಂದು ಬಿಂದಿಗೆ ನೀರು ಸುರಿದು, ಎಲ್ಲರನ್ನೂ ಮನೆಗೆ ಕಳಿಸಿದಳು.

ಇಷ್ಟು ಎಚ್ಚರದ ಹೆಂಗಸು ನಮ್ಮ ಓಣಿಗೆ ಇನ್ನೊಂದನ್ನೂ ಕಲಿಸಿದ್ದಳು. ಮಕ್ಕಳಿಗೆ ಜ್ವರ ಏರಿದರೆ ಮೈಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸುವುದು. ಅವಳು ದವಾಖಾನೆಯಲ್ಲಿ ಅದನ್ನೇ ಮಾಡುತ್ತಿದ್ದಳು, ಅವಳಿಗೆ ಹಿರಿಯ ನರ್ಸೊಬ್ಬರು ಅದನ್ನೇ ಕಲಿಸಿದ್ದರು. ಸ್ಪಿರಿಟ್ ಆರುವಾಗ ಮೈಯ ಬಿಸಿಯನ್ನೂ ಎತ್ತಿಕೊಂಡು ಹೋಗುತ್ತದೆ, ಮೈ ನೋಡನೋಡುತ್ತ ತಣ್ಣಗಾಗುತ್ತದೆ. ನನಗೂ ಚಿಕ್ಕಂದಿನಲ್ಲಿ ಅವ್ವ ಒರೆಸಿದ್ದಾಳೆ. ಎದೆಯ ಮೇಲೆ ಹರಿದ ಆ ಚಳಿ, ಮೂಗು ಸೀಳುವ ವಾಸನೆ, ಆಮೇಲೆ ಮನೆಯ ಜಂತಿಗಳು ಮೆಲ್ಲಗೆ ತಿರುಗತೊಡಗಿದ್ದು ಇವತ್ತಿಗೂ ನೆನಪಿದೆ. "ಒರಿಸಿದ ಕೂಡ್ಲೆ ಕೂಸು ಹೆಂಗ ನಿದ್ದಿ ಹೊಕ್ಕೈತಿ ನೋಡ್ರಿ" ಎಂದು ನೀಲಕ್ಕ ಹೆಮ್ಮೆಯಿಂದ ಹೇಳುತ್ತಿದ್ದಳು. ನಮ್ಮ ಓಣಿಯ ಮಕ್ಕಳೆಲ್ಲ ಆ ನಿದ್ದೆ ಮಾಡಿ ಬೆಳೆದವರು.

ನನ್ನನ್ನು ಹರಪನಹಳ್ಳಿಗೆ ಕೊಟ್ಟರು. ಮಗಳು ಸಿಂಚನಾಗೆ ಎರಡು ತುಂಬುವ ಹೊತ್ತಿಗೆ ತವರಿಗೆ ಬಂದಿದ್ದೆ. ಬಂದ ಮಾರನೆಯ ಬೆಳಿಗ್ಗೆ ಮಗುವಿಗೆ ಜ್ವರ ಏರಿತು. ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವ್ವ ತನಗೆ ತಿಳಿದದ್ದನ್ನೆಲ್ಲ ಮಾಡಿದ್ದಳು. ಗಾಳಿ ತಾಗಬಾರದೆಂದು ಒಳಕೋಣೆಯ ಕಿಟಕಿ ಮುಚ್ಚಿದ್ದಳು. ಮಗುವನ್ನು ನೆಲದ ಹಾಸಿಗೆಯಲ್ಲಿ ಮಲಗಿಸಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ, ಆ ಬಟ್ಟೆಯನ್ನೇ ಹೊಟ್ಟೆಯ ಮೇಲೆ ಹೊದಿಸಿದ್ದಳು. ಬಾಟಲಿಯ ಬಾಯಿ ತೆರೆದೇ ಇತ್ತು. ಮಗು ನಿದ್ದೆ ಹೋಗಿತ್ತು.

"ಮೈ ತಣ್ಣಗಾತು. ಇನ್ನ ದೃಷ್ಟಿ ತಗದು ಬಿಡ್ತೀನಿ, ನಿನ್ನೆ ಬಸ್ಸಿನ್ಯಾಗ ಯಾರ್ಯಾರು ನೋಡ್ಯಾರೋ ಏನೋ" ಎಂದಳು ಅವ್ವ.

ನಮ್ಮ ಕಡೆ ದೃಷ್ಟಿ ತೆಗೆಯುವುದೆಂದರೆ ಬೆಂಕಿಯ ಕೆಲಸ. ಹಳೆಯ ಬಟ್ಟೆಯನ್ನು ಹೊಸೆದು ಉದ್ದನೆಯ ಬತ್ತಿ ಮಾಡಿ, ಎಣ್ಣೆಯಲ್ಲಿ ಅದ್ದಿ ಹೊತ್ತಿಸಿ, ಮಗುವಿನ ತಲೆಯಿಂದ ಕಾಲಿನವರೆಗೆ ನಿವಾಳಿಸುತ್ತಾರೆ. ಆಮೇಲೆ ಅದನ್ನು ನೀರಿನ ತಟ್ಟೆಯ ಮೇಲೆ ಇಳಿಬಿಡುತ್ತಾರೆ. ಉರಿಯುವ ಎಣ್ಣೆ ಹನಿಹನಿಯಾಗಿ ನೀರಿಗೆ ಬಿದ್ದು ಚೊರ್ ಚೊರ್ ಎನ್ನಬೇಕು. ಸದ್ದು ಹೆಚ್ಚಾದಷ್ಟೂ ಆದ ದೃಷ್ಟಿ ದೊಡ್ಡದು. ಅವ್ವ ಸ್ಪಿರಿಟ್ಟನ್ನು ನೀಲಕ್ಕನಿಂದ ಕಲಿತಿದ್ದಳು, ದೃಷ್ಟಿಯನ್ನು ತನ್ನ ಅವ್ವನಿಂದ ಕಲಿತಿದ್ದಳು. ಇವೆರಡೂ ಒಂದೇ ಕೋಣೆಯಲ್ಲಿ ಎದುರಾಗಬಾರದೆಂದು ಅವಳಿಗೆ ಹೊಳೆಯಲಿಲ್ಲ. ಕಲ್ಲಿನ ಮೇಲಿನ ಆ ರವದಿಯನ್ನು ಕಣ್ಣಾರೆ ನೋಡಿದ್ದ ನನಗೂ ಹೊಳೆಯಲಿಲ್ಲ. ಬಾಟಲಿ ದೀಪದ ಹತ್ತಿರ ಇರಬಾರದೆಂದು ಗೊತ್ತಿತ್ತು. ಮಗುವಿನ ಮೈಯೇ ಬಾಟಲಿಯಾಗಿದೆ ಎಂದು ಯಾರು ಯೋಚಿಸುತ್ತಾರೆ?

ಅವ್ವ ಒಲೆಯಲ್ಲಿ ಬತ್ತಿ ಹೊತ್ತಿಸಿಕೊಂಡು, ಒಂದು ಕೈಯಲ್ಲಿ ಬತ್ತಿ ಹಿಡಿದ ಇಕ್ಕಳ, ಇನ್ನೊಂದು ಕೈಯಲ್ಲಿ ನೀರಿನ ತಟ್ಟೆ ಹಿಡಿದು ಪಡಸಾಲೆಗೆ ಬಂದಳು. ನಾನು ಒಳಕೋಣೆಯ ಬಾಗಿಲನ್ನು ಅವಳಿಗಾಗಿ ತಳ್ಳಿ ಹಿಡಿದೆ.

ಆಗ ಬೀದಿಬಾಗಿಲಿನಿಂದ ಒಂದು ಕೂಗು ಬಂತು. "ಏಯ್! ನಿಂದ್ರು ಅಲ್ಲೇ!"

ನೀಲಕ್ಕ. ನಾನು ಬಂದದ್ದು ತಿಳಿದು ಮಾತಾಡಿಸಲು ಬಂದಿದ್ದಳು, ಹೊಸ್ತಿಲಿನಲ್ಲೇ ಅವಳ ಮೂಗಿಗೆ ವಾಸನೆ ಹೊಡೆದಿತ್ತು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಅವ್ವನ ಮುಂದೆ ಬಂದು, ಉರಿಯುವ ಬತ್ತಿಯನ್ನು ಬರಿಗೈಯಲ್ಲಿ ಹಿಡಿದು ಹೊಸಕಿದಳು. ಬತ್ತಿ ಆರಿತು.

ಆದರೆ ಅವಳು ಒಬ್ಬರ ಕಾಲಿನ ಗಾಯವನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಕೈ ಆರುವ ಮೊದಲೇ ನೇರವಾಗಿ ಬಂದಿದ್ದಳು. ಜೀವನದಲ್ಲಿ ಒಂದೇ ದಿನ ಅಂಗೈ ಮೂಸಿಕೊಳ್ಳದೆ ಬೆಂಕಿ ಮುಟ್ಟಿದ್ದಳು. ಬಾಗಿಲಿನಿಂದ ಬೆಳಗಿನ ಬಿಸಿಲು ಪಡಸಾಲೆಯ ತುಂಬ ಬಿದ್ದಿತ್ತು. ನಮಗೆ ಏನೂ ಕಾಣಲಿಲ್ಲ. ಅವಳು ಕೈ ಜಾಡಿಸುತ್ತಿದ್ದಳು ಅಷ್ಟೆ. ಬತ್ತಿ ಆರಿದ ಮೇಲೂ ಯಾಕೆ ಜಾಡಿಸುತ್ತಿದ್ದಾಳೆ ಎಂದು ನಾನು ಪೆದ್ದಿಯಂತೆ ನೋಡುತ್ತ ನಿಂತೆ. ಆಮೇಲೆ ಅವಳ ಮುಂಗೈ ಕೂದಲು ತಾನೇ ತಾನಾಗಿ ಮುರುಟುವುದು ಕಂಡಿತು. ನೀಲಕ್ಕ ಒಳಕೋಣೆಗೆ ಬೆನ್ನು ಹಾಕಿ, ಅವ್ವ ಹಿಡಿದಿದ್ದ ದೃಷ್ಟಿಯ ತಟ್ಟೆಯ ನೀರಿನಲ್ಲಿ ಕೈ ಅದ್ದಿದಳು. ಚೊರ್ ಎಂದಿತು.

"ಕೂಸನ್ನ ಹೊರಗ ತಗೊಂಡು ಬಾ" ಎಂದಳು ಹಲ್ಲು ಕಚ್ಚಿ.

ಎತ್ತಿಕೊಂಡೆ. ಕುತ್ತಿಗೆ ನನ್ನ ತೋಳಿನ ಮೇಲೆ ಹಿಂದಕ್ಕೆ ಜೋತು ಬಿತ್ತು. ಕೂಗಿದೆ, ಕೆನ್ನೆ ತಟ್ಟಿದೆ, ಚಿವುಟಿದೆ. ಮಗು ಏಳಲಿಲ್ಲ. ನೀಲಕ್ಕ ಒಂದೇ ಕೈಯಲ್ಲಿ ಅದರ ಒದ್ದೆ ಅಂಗಿ ಕಿತ್ತೆಸೆದು, ಅಂಗಳದ ಗಾಳಿಯಲ್ಲಿ ಮೈಯೆಲ್ಲ ನೀರಿನಿಂದ ತೊಳೆಸಿದಳು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳು ಮಗುವಿನ ಮೂಗಿನ ಕೆಳಗೆ ತನ್ನ ಬೆರಳು ಹಿಡಿದೇ ಇದ್ದಳು. ಸುಟ್ಟ ಕೈಯದೇ ಬೆರಳು. ಉಸಿರು ತಾಗುತ್ತಿದೆಯೇ ಎಂದು ನಾನು ಕೇಳುತ್ತಲೇ ಇದ್ದೆ, ಅವಳು "ಹೂಂ" ಎನ್ನುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಎಷ್ಟೋ ಹೊತ್ತಿನ ಮೇಲೆ ಸಿಂಚನಾ ಕಣ್ಣು ಬಿಟ್ಟು ನನ್ನನ್ನು ಗುರುತಿಸಿ ಅತ್ತಳು. ಆ ಅಳುವಿನಷ್ಟು ಹಿತವಾದ ಸದ್ದನ್ನು ನಾನು ಆಮೇಲೆ ಕೇಳಿಲ್ಲ. ಅಲ್ಲಿದ್ದ ಲೇಡಿ ಡಾಕ್ಟರ್ ಸಿಟ್ಟಿನಲ್ಲೇ ಹೇಳಿದರು: "ಮಕ್ಕಳಿಗೆ ಸ್ಪಿರಿಟ್ ಒರೆಸಲೇಬಾರದು. ಚರ್ಮದಿಂದಲೂ ಒಳಗೆ ಹೋಗುತ್ತೆ, ಉಸಿರಿನಿಂದಲೂ ಹೋಗುತ್ತೆ. ಸಕ್ಕರೆ ಅಂಶ ಇಳಿದು ಮಗುವಿಗೆ ಎಚ್ಚರ ತಪ್ಪುತ್ತೆ. ನೀವು ನಿದ್ದೆ ಅಂದುಕೊಳ್ತೀರಿ. ಯಾರ್ರೀ ನಿಮಗೆ ಇದನ್ನ ಹೇಳಿಕೊಟ್ಟಿದ್ದು?"

ಅವ್ವ ತಲೆ ತಗ್ಗಿಸಿದಳು. ನಾನು ಗೋಡೆ ನೋಡಿದೆ. ಬಾಗಿಲ ಹತ್ತಿರ ಕೈಗೆ ಪಟ್ಟಿ ಕಟ್ಟಿಸಿಕೊಂಡು ನಿಂತಿದ್ದ ನೀಲಕ್ಕ ಮುಂದೆ ಬಂದಳು.

"ನಾನ ರೀ. ಊರಿಗೆಲ್ಲಾ ನಾನ ಹೇಳೀನಿ" ಎಂದಳು.

ಅಂದಿನಿಂದ ನೀಲಕ್ಕ ಬೇರೆಯೇ ಆದಳು. ಮಗುವನ್ನು ಉಳಿಸಿದವಳೆಂದು ನಾವು ಅವಳನ್ನು ಹೊಗಳಿದರೆ ಎದ್ದು ಹೋಗುತ್ತಿದ್ದಳು. ಒಂದು ಸಂಜೆ ಕಟ್ಟೆಯ ಮೇಲೆ ಕೂತಾಗ ತಾನಾಗಿಯೇ ಹೇಳಿದಳು. ದವಾಖಾನೆಯ ಕಾಲದಲ್ಲಿ ಕೂಡ್ಲಿಗಿ ಕಡೆಯ ಹಳ್ಳಿಯ ತಾಯಿಯೊಬ್ಬಳು ಜ್ವರದ ಮಗುವನ್ನು ತಂದಿದ್ದಳಂತೆ. ನೀಲಕ್ಕ ಬಹಳ ಹೊತ್ತು ಒರೆಸಿದಳಂತೆ. ಮಗು ನಿದ್ದೆ ಹೋಯಿತು; ಮತ್ತೆ ಏಳಲಿಲ್ಲ. ಜ್ವರ ನೆತ್ತಿಗೇರಿತ್ತು ಎಂದು ಎಲ್ಲರೂ ಅಂದರು, ಅವಳೂ ಅಂದುಕೊಂಡಳು.

"ಈಗ ಕೇಳ್ತೀನಿ ಗಿರಿಜಿ. ಆ ಕೂಸು ಜ್ವರಕ್ಕ ಹೋತೋ, ನನ್ನ ಬಟ್ಟಿಗಿ ಹೋತೋ? ಯಾರನ್ನ ಕೇಳ್ಲಿ?"

ಅವಳ ಪಟ್ಟಿ ಕಟ್ಟಿದ ಕೈಯನ್ನು ಹಿಡಿದುಕೊಂಡು ಕೂತೆ.

ಆಮೇಲೆ ಅವಳು ತಾನು ಹೇಳಿಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಲು ಹೊರಟಳು. ಮನೆಮನೆಗೆ ಹೋಗಿ, ಮಕ್ಕಳಿಗೆ ಸ್ಪಿರಿಟ್ ಒರೆಸಬೇಡಿ, ಬರೀ ನೀರಿನ ಬಟ್ಟೆ ಸಾಕು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದಳು. ಕಲಿಸುವಾಗ ಕಿವಿಗೊಟ್ಟ ಓಣಿ ಈಗ ನಕ್ಕಿತು. "ನೀನ ಹೇಳಿದ್ದಿಯಲ್ಲವ್ವ, ಈಗ ನೀನ ಬ್ಯಾಡಂತಿ. ನಮ್ಮ ಹುಡುಗ್ರು ಬದುಕ್ಯಾವಿಲ್ಲ?" ಎಂದರು. ಕೆಲವರು ಅವಳಿಗೆ ವಯಸ್ಸಾಯಿತು ಎಂದರು. ಮೈ ಕೂಡಲೇ ತಣ್ಣಗಾಗುವುದನ್ನು ಕಣ್ಣಾರೆ ಕಂಡವರಿಗೆ ಅದು ಕೆಟ್ಟದ್ದೆಂದು ನಂಬಿಸುವುದು ಹೇಗೆ?

ಇನ್ನೂ ದೊಡ್ಡ ತೊಂದರೆ ಓಣಿಯ ಹೊರಗಿತ್ತು. ನಮ್ಮ ಹೆಣ್ಣುಮಕ್ಕಳು ಹಗರಿಬೊಮ್ಮನಹಳ್ಳಿ, ಹಡಗಲಿ, ಉಜ್ಜಿನಿ ಎಂದು ಎಲ್ಲೆಲ್ಲಿಗೋ ಮದುವೆಯಾಗಿ ಹೋಗಿದ್ದರು. ಹೋಗುವಾಗ ಸ್ಪಿರಿಟ್ ಬಟ್ಟೆಯನ್ನೂ ಕಲಿತು ಹೋಗಿದ್ದರು, ಅಲ್ಲಿ ಅತ್ತೆ ನಾದಿನಿಯರಿಗೂ ಕಲಿಸಿದ್ದರು. "ನಾ ಒಂದು ಮಾತು ಹೆತ್ತೆ. ಅದು ಎಷ್ಟು ಊರಿಗೆ ಮದುವಿ ಆಗಿ ಹೋಗೈತೋ ನನಗ ಗೊತ್ತಿಲ್ಲ" ಎಂದು ನೀಲಕ್ಕ ಹೇಳಿದಳು. ಆದರೂ ಬಸ್ಸು ಹತ್ತುತ್ತಿದ್ದಳು. ಯಾರ ಮನೆಯ ಸೀಮಂತ, ಯಾರ ಮನೆಯ ತೊಟ್ಟಿಲು ಎಂದು ಕೇಳಿಕೊಂಡು, ಕರೆಯದಿದ್ದರೂ ಹೋಗಿ, ಊಟ ಮಾಡುವ ಮೊದಲು ಅದನ್ನೇ ಹೇಳುತ್ತಿದ್ದಳು. ಶುಭಕಾರ್ಯದಲ್ಲಿ ಸಾಯುವ ಮಾತಾಡುತ್ತಾಳೆ ಎಂದು ಒಂದೆರಡು ಮನೆಯಲ್ಲಿ ಮುಖ ತಿರುಗಿಸಿದರು. ಅವಳು ಎಲೆ ಬಿಟ್ಟು ಎದ್ದು ಬಂದಳಂತೆ.

ಅಷ್ಟರಲ್ಲಿ ಕೊರೋನಾ ಬಂತು. ನೀಲಕ್ಕ ದೂರವಿಡಲು ಹೆಣಗುತ್ತಿದ್ದ ಆ ನೀರಿನಂಥ ವಸ್ತು ಸ್ಯಾನಿಟೈಸರ್ ಎಂಬ ಹೆಸರಿನಲ್ಲಿ ಮನೆಮನೆಯ ಹೊಸ್ತಿಲಿಗೆ ಬಂದು ಕೂತಿತು. ಅಂಗಡಿಯ ಗಲ್ಲೆಯ ಮೇಲೆ, ಗುಡಿಯ ಬಾಗಿಲಲ್ಲಿ, ಆರತಿ ತಟ್ಟೆಯ ಪಕ್ಕದಲ್ಲಿ, ಒಲೆಯ ಕಟ್ಟೆಯ ಮೇಲೆ. ಮಂದಿ ಕೈಗೆ ಸುರಿದುಕೊಂಡು ಹಾಗೆಯೇ ದೀಪ ಹಚ್ಚುತ್ತಿದ್ದರು. ಸಾರಾಯಿ ಸಿಗದೆ ಅದನ್ನೇ ಕುಡಿದವರ ಸುದ್ದಿಯೂ ಬರುತ್ತಿತ್ತು. ಫೋನಿನಲ್ಲಿ ನೀಲಕ್ಕನ ದನಿ ಸಣ್ಣದಾಗಿತ್ತು. "ಗಿರಿಜಿ, ಎಲ್ಲಾರ ಕೈಯಾಗೂ ಕೊಟ್ಟಾರ. ಕೈ ಆರೂತನಕ ತಡೀರಿ ಅಂತ ಯಾರಿಗೆ ಹೇಳ್ಲಿ?"

ಅವಳಿಗೂ ಆ ಬೇನೆ ತಾಗಿತು. ಜೀವ ಉಳಿಯಿತು, ವಾಸನೆ ಹೋಯಿತು. ಕೆಲವರಿಗೆ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂದಂತೆ ಅವಳಿಗೆ ಬರಲಿಲ್ಲ. ತಂಗಿಯ ಮಗಳು ಅವಳನ್ನು ಹಂಪಸಾಗರಕ್ಕೆ ಕರೆದುಕೊಂಡು ಹೋದಳು.

ನಾನು ನೋಡಲು ಹೋದಾಗ ಹೊರಗಿನ ಜಗುಲಿಯ ಮೇಲೆ ಕೂತಿದ್ದಳು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದಾಳೆಂದು ತಂಗಿಯ ಮಗಳು ಹೇಳಿದಳು. ದೇವರ ದೀಪವನ್ನೂ ಹಚ್ಚುವುದಿಲ್ಲವಂತೆ. ನನ್ನನ್ನು ಕಂಡು ನಕ್ಕಳು, ಸಿಂಚನಾ ಎಷ್ಟನೇ ಕ್ಲಾಸು ಎಂದು ಕೇಳಿದಳು. ಆಮೇಲೆ ಎರಡೂ ಅಂಗೈಗಳನ್ನು ಜೋಡಿಸಿ, ತನ್ನ ಮೂಗಿಗಲ್ಲ, ನನ್ನ ಮೂಗಿಗೆ ಹಿಡಿದಳು.

"ಮೂಸಿ ಹೇಳವ್ವ. ಐತೇನು?"

ಬಲ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ನಯವಾದ, ತಿಳಿಗುಲಾಬಿ ಚರ್ಮ. ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಏನಿಲ್ಲ ನೀಲಕ್ಕ."

"ಖರೇ ಹೇಳು."

"ಖರೇವಂದ್ರೂ ಏನಿಲ್ಲ."

ಅವಳು ನಂಬಲಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಅಲ್ಲಿದ್ದಷ್ಟು ಹೊತ್ತೂ ಕೈಗಳನ್ನು ಗಾಳಿಗೆ ಬೀಸುತ್ತಲೇ ಇದ್ದಳು. ಅದೇ ಕೊನೆಯ ಭೇಟಿ.

ಕಳೆದ ಬೇಸಿಗೆಯಲ್ಲಿ ಸುದ್ದಿ ಬಂತು. ನಾನೂ ಅವ್ವನೂ ಹಂಪಸಾಗರಕ್ಕೆ ಹೋದೆವು. ನಮ್ಮ ಪದ್ಧತಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವಿನ ಸರ ಹಾಕಿದ್ದರು. ಮುಂದೆ ದೀಪ ಉರಿಯುತ್ತಿತ್ತು, ಊದಿನಕಡ್ಡಿ ಹೊಗೆಯಾಡುತ್ತಿತ್ತು. ಸುತ್ತ ಹೆಂಗಸರು. ಹಡಗಲಿ ಕಡೆಯಿಂದ ಬಂದ ಒಬ್ಬ ಎಳೆಯ ತಾಯಿ ನನ್ನ ಮುಂದೆ ಕೂತಿದ್ದಳು. ಅವಳ ಹೆಗಲ ಮೇಲಿನ ಮಗುವಿನ ಕಣ್ಣು ಕೆಂಪಾಗಿ, ಮುಖ ಬಾಡಿತ್ತು.

"ಕೆಂಡದಂಗ ಸುಡಾಕತ್ತೈತಲ್ಲ ನಿನ್ನ ಕೂಸು" ಎಂದಳು ಅವಳ ಪಕ್ಕದ ಮುದುಕಿ. ಕಿಟಕಿಯ ಕಟ್ಟೆಯ ಮೇಲಿದ್ದ ಸ್ಪಿರಿಟ್ ಬಾಟಲಿಯನ್ನು ಕೈಚಾಚಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ಸೆರಗಿನ ತುದಿಯನ್ನು ಒದ್ದೆ ಮಾಡಿದಳು. "ಇದ್ರಿಂದ ಮೈ ಒರಸು. ಲಗೂನ ಇಳೀತೈತಿ. ಅದೂ ಯಾರು ಹೇಳಿದ್ದಂತ ತಿಳಕೊಂಡಿ? ಈಕಿನ ಹೇಳಿದ್ದು" ಎಂದು ಹೂವಿನ ಸರದಲ್ಲಿ ಕೂತಿದ್ದ ನೀಲಕ್ಕನ ಕಡೆ ಕೈ ತೋರಿಸಿದಳು. ಒದ್ದೆ ಸೆರಗು ಹಿಡಿದ ಆ ಕೈಗೂ ದೀಪಕ್ಕೂ ಗೇಣು ಅಂತರವಿತ್ತು.

ನಾನು ಎದ್ದು ಮುದುಕಿಯ ಕೈಯನ್ನು ಹಿಂದಕ್ಕೆ ಎಳೆದು ಹಿಡಿದೆ, ಇನ್ನೊಂದು ಕೈಯಿಂದ ಬಾಟಲಿ ಕಿತ್ತುಕೊಂಡೆ. ಎಲ್ಲರೂ ತಿರುಗಿ ನೋಡಿದರು. ಸತ್ತವರ ಮುಂದೆ ಜಗಳವೇನೆಂದು ಯಾರೋ ಗೊಣಗಿದರು.

"ಬ್ಯಾಡ ಯಜ್ಜಿ. ಆ ಮಾತು ಆಕಿ ವಾಪಸ್ ತಗೊಂಡಾಳ" ಎಂದೆ.

ಮುದುಕಿ ನನ್ನನ್ನು, ನೀಲಕ್ಕನನ್ನು, ಮತ್ತೆ ನನ್ನನ್ನು ನೋಡಿದಳು.

"ಯಾವಾಗ ತಗೊಂಡ್ಳವ್ವ? ನಮ್ಮೂರಾಗ ಯಾರೂ ಹೇಳಿಲ್ಲಲ್ಲ" ಎಂದಳು.

ನಾನು ಬಾಟಲಿಯ ಮುಚ್ಚಳ ಬಿಗಿದು ಅಂಗಳಕ್ಕೆ ಒಯ್ದಿಟ್ಟೆ. ಮುದುಕಿಯನ್ನೂ ಹೊರಗೆ ಕರೆದು ಸೆರಗು ತೊಳೆಸಿದೆ. ಆ ತಾಯಿಯನ್ನು ಅವ್ವನ ಜೊತೆ ಆಸ್ಪತ್ರೆಗೆ ಕಳಿಸಿದೆ. ತಿರುಗಿ ಬಂದವಳು ಹೊಸ್ತಿಲಲ್ಲಿ ನಿಂತು, ಎರಡೂ ಅಂಗೈ ಜೋಡಿಸಿ ಮೂಸಿದೆ. ವಾಸನೆ ಇತ್ತು. ಆರುವ ತನಕ ಬಿಸಿಲಿನಲ್ಲಿ ಕೈ ಬೀಸುತ್ತ ನಿಂತೆ. ಒಳಗೆ ಅವಳನ್ನು ಎತ್ತುವ ಹೊತ್ತಾಗಿತ್ತು, ನನ್ನನ್ನು ಕರೆಯುತ್ತಿದ್ದರು.